ಟ್ಯಾಬಿಗೆ ಕಾಣದ ಹದಿಮೂರು

ಫೆಬ್ರವರಿ 6, ಸೋಮವಾರ

ಹತ್ತು ಗಂಟೆಗೆ ಕರೆಂಟು ಹೋಯಿತು, ಹತ್ತೂಕಾಲಿಗೆ ಬಂತು. ಬಂದ ರಭಸಕ್ಕೆ ಅಡುಗೆಮನೆಯ ಬಲ್ಬು ಸಿಡಿಯಿತು, ವೈಫೈ ರೂಟರಿನಿಂದ ಸುಟ್ಟ ವಾಸನೆ ಬಂತು. ಬಲ್ಬು ಬದಲಾಯಿಸಿದೆ. ರೂಟರಿನ ದೀಪ ಒಂದೂ ಹೊತ್ತಿಕೊಳ್ಳಲಿಲ್ಲ. ಇವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು, ಆಮೇಲೆ ಸತ್ತ ಹಕ್ಕಿಯನ್ನು ಇಡುವಂತೆ ಮೇಜಿನ ಮೇಲಿಟ್ಟರು.

ನಾಳೆ ರಿಮ್ಮಾ ಪಾವ್ಲೊವ್ನಾ ಅವರ ಪಾಠವಿದೆ. ನವೆಂಬರಿನಲ್ಲಿ ಇವರ ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದರಲ್ಲ, ಅಂದಿನಿಂದ ವಾರಕ್ಕೆರಡು ಸಲ ಆಕೆ ರಾಜಧಾನಿ ಬಿಷ್ಕೆಕ್‌ನಿಂದ ಟ್ಯಾಬಿನ ಪರದೆಯ ಮೇಲೆ ಬಂದು ಮಾತು ಕಲಿಸುತ್ತಾರೆ. ಗಾಳಿ ನುಂಗಬೇಕು, ತೇಗಿನ ಹಾಗೆ ಅದನ್ನು ಮೇಲೆ ತರಬೇಕು, ಆ ತೇಗಿನ ಮೇಲೆ ಅಕ್ಷರ ಕೂರಿಸಬೇಕು. ಮೂವತ್ತೊಂದು ವರ್ಷ ಕರಾಕೋಲ್ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸು ಕೂಗಿದ ಮನುಷ್ಯ ಈಗ ಗಂಟೆಗಟ್ಟಲೆ ಕೂತು 'ತ' ಅನ್ನಲು ಒದ್ದಾಡುತ್ತಾರೆ. ಇನ್ನೂ ಬಂದಿಲ್ಲ.

ರೂಟರು, ತಂತಿ, ಪ್ಲಗ್ಗು, ರಿಮೋಟು ಎಲ್ಲ ಇವರ ಖಾತೆ. ನಾನು ಡೇರಿಯ ಪ್ರಯೋಗಾಲಯದಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದವಳು. ಹಾಲಿನಲ್ಲಿ ಕೊಬ್ಬೆಷ್ಟು, ನೀರೆಷ್ಟು ಎಂದು ಕೇಳಿ, ಹೇಳುತ್ತೇನೆ. ಗಾಳಿಯಲ್ಲಿ ವೈಫೈ ಎಷ್ಟಿದೆ ಎಂದರೆ ನಾನೇನು ಹೇಳಲಿ?

ಫೆಬ್ರವರಿ 7, ಮಂಗಳವಾರ

ನನ್ನದು ಗುಂಡಿ ಒತ್ತುವ ಫೋನು. ನಮ್ಮ ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವ ಜಿಬೆಕ್ ಆಸ್ಪತ್ರೆಯ ನರ್ಸು, ಅವಳಿಗೆ ಹಗಲು ಪಾಳಿ. ಹಾಗಾಗಿ ಪಾಠಕ್ಕೆ ಪಕ್ಕದ ಮನೆಯ ಖಾದಿಚಾಳ ಫೋನು ಕೇಳಿದೆ. ಅವಳು ತನ್ನ ಮನೆಯ ಮುಂದಿನ ಕೋಣೆಯಲ್ಲೇ ತಣ್ಣನೆಯ ಶಾವಿಗೆ ಸಾರು ಅಶ್ಲ್ಯಾನ್‌ಫು ಮಾರುವವಳು. ಫೋನು ಅಲ್ಲಿಂದ ಆಚೆ ಕೊಡಲಾರಳು, ಆರ್ಡರು ಬರುತ್ತಿರುತ್ತವೆ. ಅಲ್ಲೇ ಮೂಲೆಯಲ್ಲಿ ಕೂತೆವು.

"ಹೇಗಿದೀರಿ ಎಸೆನ್‌ಗುಲ್? ಅಭ್ಯಾಸ ನಡೀತಿದೆಯಾ?" ಎಂದು ರಿಮ್ಮಾ ಪಾವ್ಲೊವ್ನಾ ಕೇಳಿದರು.

"ನಡೀತಿದೆ, ದಿನಾ ಎರಡು ಗಂಟೆ ಕೂರ್ತಾರೆ. ಸ್ವಲ್ಪ ಎದೆಯುರಿ ಅಂತಾರೆ," ಅಂದೆ.

"ಸಾಯ್ರಕುಲ್, ನಾನು ಕೇಳಿದ್ದು ಅವರನ್ನ."

ನಾನು ಹೇಳಿದರೇನು, ಅವರು ಹೇಳಿದರೇನು, ವಿಷಯ ಒಂದೇ ಅಲ್ಲವೇ. ಫೋನನ್ನು ಇವರ ಕಡೆ ತಿರುಗಿಸಿದೆ. ಇವರು ಗಾಳಿ ನುಂಗಿ ಮೇಲೆ ತಂದರು. ದೊಡ್ಡ ತೇಗೇ ಬಂತು. ಆಚೆ ಮೇಜಿನಲ್ಲಿ ಶಾವಿಗೆ ಹೀರುತ್ತಿದ್ದ ಒಬ್ಬ ನಕ್ಕುಬಿಟ್ಟ. ಖಾದಿಚಾ ಸೌಟು ಎತ್ತಿ, "ತಿನ್ನೋದಕ್ಕೆ ಬಂದಿದೀಯ, ತಿನ್ನು. ಹಲ್ಲು ಕಿಸಿಯೋದಕ್ಕೆ ಬಂದಿದ್ರೆ ಎದ್ದು ನಡಿ!" ಎಂದು ಅವನನ್ನು ಬೈದಳು. ಅಷ್ಟರಲ್ಲಿ ಇವರು ಎದ್ದು ಮನೆಗೆ ನಡೆದಾಗಿತ್ತು.

ಹೋದ ತಿಂಗಳೇ ರಿಮ್ಮಾ ಪಾವ್ಲೊವ್ನಾ ಹೇಳಿದ್ದಾರೆ: ಮೂರು ಪಾಠ ತಪ್ಪಿದರೆ ಜಾಗ ಸಾಲಿನಲ್ಲಿ ಕಾಯುತ್ತಿರುವ ಇನ್ನೊಬ್ಬರಿಗೆ.

ಫೆಬ್ರವರಿ 8, ಬುಧವಾರ

ಬಜಾರಿಗೆ ಇಬ್ಬರೂ ಹೋದೆವು. ಫೋನು ಅಂಗಡಿಯ ಮಾರ್ಲೆಸ್ ನಮಗೆ ಚಿಕ್ಕವನಿದ್ದಾಗಿನಿಂದ ಗೊತ್ತು. ಈಗ ತಲೆ ಬೋಳಾಗಿದೆ, ಆದರೂ ನನ್ನನ್ನು ಎಜೆ, ಅಂದರೆ ಅಕ್ಕ ಎಂದೂ ಇವರನ್ನು ಬೈಕೆ, ಅಂದರೆ ಅಣ್ಣ ಎಂದೂ ಕರೆಯುವುದು ಬಿಟ್ಟಿಲ್ಲ.

"ಎಜೆ, ಮನೇಲಿ ಏನೇನು ಓಡ್ಬೇಕು ಇದರಲ್ಲಿ?"

"ಎಲ್ಲಾ ಓಡ್ಬೇಕು."

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ ಕಣಪ್ಪ. ಇದೇನು ಪರೀಕ್ಷೆನಾ?"

ಅವನು ಇವರ ಕಡೆ ತಿರುಗಿ, ಕಿವುಡರಿಗೆ ಹೇಳುವಂತೆ ಗಂಟಲೆತ್ತರಿಸಿ, "ಎಸೆನ್‌ಗುಲ್ ಬೈಕೆ! ಎಂಥದ್ದು ಕೊಡ್ಲಿ?" ಅಂದ. ಇವರು ಜೇಬಿನಿಂದ ಪುಸ್ತಕ, ಪೆನ್ನು ತೆಗೆಯತೊಡಗಿದರು. ಹಿಂದೆ ಜನ ನಿಂತಿದ್ದರು. "ಇವರಿಗೂ ಒಳ್ಳೇದೇ ಬೇಕಂತೆ, ಇರೋದರಲ್ಲಿ ಒಳ್ಳೇದು ಕೊಡು," ಅಂದೆ. ಆರು ಆಂಟೆನಾ ಕಡ್ಡಿಗಳಿರುವ ಕಪ್ಪು ಪೆಟ್ಟಿಗೆಯೊಂದನ್ನು ಕೊಟ್ಟ. ಈ ಊರಿನಲ್ಲಿ ಇದಕ್ಕಿಂತ ಜೋರಿನದು ಇಲ್ಲವಂತೆ.

ಹೊರಗೆ ಬಂದ ಮೇಲೆ ಇವರು ಪುಸ್ತಕ ತೋರಿಸಿದರು. 'ಹಳೆಯದರ ಥರದ್ದೇ ಚಿಕ್ಕದು ಸಾಕು' ಎಂದು ಬರೆದಿದ್ದರು. ಮೊದಲೇ ತೋರಿಸಬಾರದಿತ್ತೇ ಅಂದೆ.

ಫೆಬ್ರವರಿ 10, ಶುಕ್ರವಾರ

ಪಾಠ ತಪ್ಪಿತು.

ನಿನ್ನೆ ಜಿಬೆಕ್ ಬಂದು ಪೆಟ್ಟಿಗೆ ಹಚ್ಚಿಕೊಟ್ಟಳು. ಅವಳ ಹೊಸ ಫೋನಿಗೆ ಬಂತು, ಟಿವಿಗೆ ಬಂತು. ಟ್ಯಾಬಿಗೂ ಬಂತು. ಕುರಿಗಳ ಮೇಲೆ ಕಣ್ಣಿಡಲು ಕೊಟ್ಟಿಗೆಯಲ್ಲಿ ಹಾಕಿರುವ ಕ್ಯಾಮೆರಾ ಮಾತ್ರ ಹತ್ತಲಿಲ್ಲ, ಅದನ್ನು ಭಾನುವಾರ ನೋಡೋಣವೆಂದು ಬಿಟ್ಟೆವು. ಇವತ್ತು ಪಾಠದ ಹೊತ್ತಿಗೆ ಟ್ಯಾಬ್ ತೆರೆದರೆ ನಮ್ಮ ಮನೆಯ ವೈಫೈ ಹೆಸರೇ ಪಟ್ಟಿಯಲ್ಲಿಲ್ಲ. ಖಾದಿಚಾ ಮನೆಯದು ಕಾಣುತ್ತದೆ, ಎದುರು ಬೀದಿಯದೂ ಕಾಣುತ್ತದೆ. ಮೂರು ಮೊಳ ದೂರದಲ್ಲಿ ಕೂತ ನಮ್ಮದು ಕಾಣುವುದಿಲ್ಲ.

ಖಾದಿಚಾ ಬಂದು ನೋಡಿ, "ಅಯ್ಯೋ, ಇದೇನೇ ಜೇಡ ತಂದು ಗೋಡೆಗೆ ಅಂಟಿಸಿದೀಯ," ಅಂದಳು. ನಗು ಬರಲಿಲ್ಲ.

ಫೆಬ್ರವರಿ 12, ಭಾನುವಾರ

ಬೂದು ಕುರಿ ಈದಿತು. ಎರಡು ಮರಿ. ಒಂದು ಹೋಯಿತು.

ಪ್ರತಿ ವರ್ಷ ಈ ತಿಂಗಳಿನಲ್ಲಿ ಅಡುಗೆಮನೆಯಲ್ಲಿ ಟ್ಯಾಬ್ ಇಟ್ಟುಕೊಂಡು ಕೊಟ್ಟಿಗೆಯನ್ನು ನೋಡುತ್ತಿರುತ್ತೇನೆ. ಕ್ಯಾಮೆರಾ ಇಲ್ಲವೆಂದು ಇವತ್ತು ಮಧ್ಯಾಹ್ನ ಇವರೇ ಹೋಗಿ ಕೂತಿದ್ದರು. ನಾನು ಹಿಟ್ಟು ನಾದುತ್ತಿದ್ದೆ. ಬಕೆಟ್ಟು ಬಡಿಯುವ ಸದ್ದು ಕೇಳಿಸಿತು. ಖಾದಿಚಾ ಮನೆಯಲ್ಲಿ ಏನೋ ತೊಳೆಯುತ್ತಿದ್ದಾರೆ ಅಂದುಕೊಂಡೆ. ಸುಮಾರು ಹೊತ್ತು ಬಡಿಯಿತು. ಹಿಟ್ಟು ಮುಗಿಸಿ, ಕೈ ತೊಳೆದು ಹೊರಗೆ ಬಂದೆ. ಬಡಿಯುತ್ತಿದ್ದುದು ಇವರು. ಒಂದು ಕೈಯಲ್ಲಿ ಮರಿಯ ಕಾಲು, ಇನ್ನೊಂದರಲ್ಲಿ ಬಕೆಟ್ಟು. ಮರಿ ಅಡ್ಡ ಬಂದಿತ್ತು. ಕುರಿಯನ್ನು ಹಿಡಿಯಲು ಇನ್ನೊಬ್ಬರು ಬೇಕಿತ್ತು, ಕೂಗಲು ಇವರಿಗೆ ಆಗುವುದಿಲ್ಲ.

ಎರಡನೆಯ ಮರಿ ಚೆನ್ನಾಗಿದೆ. ಹಾಲು ಕುಡಿಯಿತು.

ಇವರು ಊಟ ಮಾಡಲಿಲ್ಲ. ಪುಸ್ತಕ ಮುಂದಿಟ್ಟೆ, ಏನನ್ನೂ ಬರೆಯಲಿಲ್ಲ. ಉಸಿರಾಡಲು ಕುತ್ತಿಗೆಯಲ್ಲಿ ಮಾಡಿರುವ ತೂತಿನ ಮೇಲಿನ ಬಟ್ಟೆ ಹುಲ್ಲು, ರಕ್ತದಿಂದ ಕೊಳಕಾಗಿತ್ತು. ಅದನ್ನು ಬದಲಾಯಿಸಿದೆ. ಇವರು ನನ್ನ ಕೈ ತಡೆಯಲಿಲ್ಲ.

ಫೆಬ್ರವರಿ 14, ಮಂಗಳವಾರ

ಟ್ಯಾಬ್ ಇವತ್ತು ತಾನಾಗಿಯೇ ಹತ್ತಿಕೊಂಡಿತು. ಯಾಕೆ ಅಂತ ಗೊತ್ತಿಲ್ಲ. ಪಾಠ ನಡೆಯಿತು.

ರಿಮ್ಮಾ ಪಾವ್ಲೊವ್ನಾ ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದರು. "ನೀವು ಪಕ್ಕದಲ್ಲಿದ್ರೆ ಅವರಿಗೆ ಮಾತಾಡೋ ಅಗತ್ಯಾನೇ ಬೀಳಲ್ಲ, ಸಾಯ್ರಕುಲ್. ಹೋಗಿ ಟೀ ಕುಡೀರಿ," ಎಂದರು. ಮೂರು ತಿಂಗಳಿನಿಂದ ಈ ಮನುಷ್ಯನ ಪರವಾಗಿ ಡಾಕ್ಟರ ಹತ್ತಿರ, ಪಿಂಚಣಿ ಕಚೇರಿಯಲ್ಲಿ, ಅಂಗಡಿಯಲ್ಲಿ, ನೆಂಟರ ಫೋನಿಗೆ ಉತ್ತರ ಕೊಟ್ಟಿದ್ದು ಯಾರು? ಟೀ ಕುಡಿದೆ. ಸಪ್ಪೆಯಾಗಿತ್ತು, ಹಾಲು ಹಾಕುವುದನ್ನೇ ಮರೆತಿದ್ದೆ.

ಫೆಬ್ರವರಿ 17, ಶುಕ್ರವಾರ

ಟ್ಯಾಬ್ ಮತ್ತೆ ಕುರುಡು. ಪಾಠ ತಪ್ಪಿತು.

ರಿಮ್ಮಾ ಪಾವ್ಲೊವ್ನಾಗೆ ನನ್ನ ಫೋನಿನಿಂದ ಕರೆ ಮಾಡಿ ಹೇಳಿದೆ. ಖಾದಿಚಾ ಮನೆಯದನ್ನು ಆಕೆ ತಪ್ಪಿದ್ದೆಂದು ಎಣಿಸಿಲ್ಲ, "ಬಂದು ಕೂತಿದ್ರಲ್ಲ" ಎಂದರು. ಹಾಗಾದರೆ ಇಲ್ಲಿಗೆ ಎರಡು. "ಹದಿನಾಲ್ಕು ಜನ ಕಾಯ್ತಿದಾರೆ. ನನಗೂ ಮೇಲಿನವರಿಗೆ ಉತ್ತರ ಹೇಳ್ಬೇಕು. ಮಂಗಳವಾರ ಕಾಣಿಸಿ, ಹೇಗಾದ್ರೂ ಸರಿ."

ಜೇಡವನ್ನು ಗೋಡೆಯಿಂದ ಕಿತ್ತು ಒಲೆಗೆ ಹಾಕಬೇಕು ಅನ್ನಿಸಿತು.

ಫೆಬ್ರವರಿ 18, ಶನಿವಾರ

ಡೇರಿಯಲ್ಲಿ ಮೊದಲ ದಿನ ಕಲಿಸಿದ್ದು: ಹಾಲು ಯಾಕೆ ಒಡೆಯಿತು ಅಂತ ಗೊತ್ತಾಗದಿದ್ದರೆ ಊಹೆ ಮಾಡಬೇಡ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡು, ನೋಡಿದ್ದನ್ನು ಬರೆ. ಇವತ್ತು ಬೆಳಿಗ್ಗೆ ರೊಟ್ಟಿ ಮಾಡುವಾಗ ಇದು ನೆನಪಾಯಿತು. ಹನ್ನೆರಡು ದಿನದಿಂದ ನಾನು ಬರೀ ಊಹಿಸುತ್ತ, ಬೈಯುತ್ತ ಕೂತಿದ್ದೆ.

ಜಿಬೆಕ್‌ಗೆ ರಜೆ. ಅವಳ ಫೋನಿನಲ್ಲಿ ಸುತ್ತಲಿನ ವೈಫೈಗಳನ್ನೆಲ್ಲ ತೋರಿಸುವ ಒಂದು ಆ್ಯಪ್ ಇದೆ. ಪ್ರತಿಯೊಂದರ ಮುಂದೆಯೂ ಒಂದು ಸಂಖ್ಯೆ. ಅದು ಚಾನೆಲ್ ಅಂತೆ, ರೇಡಿಯೊದ ಹಾಗೆ. ಕರೆಂಟು ಹೋಗಿ ಬಂದಾಗೆಲ್ಲ ನಮ್ಮ ಪೆಟ್ಟಿಗೆ ಮತ್ತೆ ಹೊತ್ತಿಕೊಂಡು, ಯಾವ ಚಾನೆಲ್ ಖಾಲಿಯಿದೆಯೋ ಅದಕ್ಕೆ ತಾನೇ ಹೋಗಿ ಕೂರುತ್ತದೆ. ಸರಿ, ಹಾಗಾದರೆ ಅದನ್ನೇ ಬರೆಯೋಣ ಅಂದೆ. ನಾನು ಪೆಟ್ಟಿಗೆ ಆರಿಸಿ ಹೊತ್ತಿಸುವುದು, ಜಿಬೆಕ್ ಸಂಖ್ಯೆ ಹೇಳುವುದು, ಇವರು ಟ್ಯಾಬ್ ಹಿಡಿದು, ಕಂಡರೆ ಬೆರಳೆತ್ತುವುದು. ಹದಿನಾರು ಸಲ ಮಾಡಿದೆವು. ಒಂದು, ಆರು, ಹನ್ನೊಂದು ಬಂದಾಗೆಲ್ಲ ಇವರ ಬೆರಳು ಎದ್ದಿತು. ಹದಿಮೂರು ಐದು ಸಲ ಬಂತು. ಐದಕ್ಕೆ ಐದೂ ಸಲ ಇವರು ಕೈ ಮಡಚಿಯೇ ಕೂತಿದ್ದರು.

"ಎಜೆ, ಈ ಟ್ಯಾಬ್ ಎಲ್ಲಿಂದ ತಂದ್ರಿ?" ಅಂದಳು ಜಿಬೆಕ್.

"ಅಮೆರಿಕದಿಂದ ಬಂದದ್ದು. ನನ್ನ ತಮ್ಮನ ಮಗಳು ಕಳಿಸಿದ್ಲು."

ಅವಳು ಫೋನಿನಲ್ಲಿ ಏನೋ ಓದಿ ನಕ್ಕಳು. "ಅಲ್ಲಿ ಹನ್ನೊಂದರ ತನಕ ಮಾತ್ರ ಬಳಸ್ತಾರಂತೆ. ಅಲ್ಲಿಗೆ ಅಂತ ಮಾಡಿದ ಸಾಮಾನು ಇದು. ಪಾಪ, ಇದಕ್ಕೆ ಹದಿಮೂರು ಅಂತ ಒಂದಿದೆ ಅನ್ನೋದೇ ಗೊತ್ತಿಲ್ಲ!"

ಇವರಿಗೆ ನಗು ಬಂತು. ಸದ್ದಿಲ್ಲ, ಭುಜ ಮಾತ್ರ ಕುಣಿಯಿತು.

ಹಾಗಾದರೆ ಪೆಟ್ಟಿಗೆಯನ್ನು ಆರರಲ್ಲೇ ಕಟ್ಟಿಹಾಕು ಅಂದೆ. ಜಿಬೆಕ್ ಎಲ್ಲ ಕಡೆ ಹುಡುಕಿದಳು. ಈ ಜೇಡದಲ್ಲಿ ಅದಕ್ಕೆ ಜಾಗವೇ ಇಲ್ಲ, ಎಲ್ಲ ಅದರಿಷ್ಟ. ಕ್ಯಾಮೆರಾದ ರೋಗವೂ ಅಲ್ಲೇ ಸಿಕ್ಕಿತು. ಪೆಟ್ಟಿಗೆ ಎರಡು ಬಗೆಯ ಅಲೆ ಬಿಡುತ್ತದೆ, ಒಂದು ವೇಗದ್ದು, ಒಂದು ನಿಧಾನದ್ದು. ಅಗ್ಗದ ಕ್ಯಾಮೆರಾಕ್ಕೆ ನಿಧಾನದ್ದು ಮಾತ್ರ ಅರ್ಥವಾಗುತ್ತದೆ. ಇದು ಎರಡಕ್ಕೂ ಒಂದೇ ಹೆಸರಿಟ್ಟು ಕಲಸಿಬಿಟ್ಟಿದೆ, ಬೇರೆ ಮಾಡಲು ಬರುವುದಿಲ್ಲ. ಅದು ಕೆಟ್ಟ ಪೆಟ್ಟಿಗೆಯಲ್ಲ. ನಮ್ಮ ಮನೆಯ ಸಾಮಾನಿಗೆ ಹೊಂದುವುದಿಲ್ಲ, ಅಷ್ಟೆ.

ಫೆಬ್ರವರಿ 20, ಸೋಮವಾರ

ಜೇಡ, ಟ್ಯಾಬ್, ಕೊಟ್ಟಿಗೆಯಿಂದ ಬಿಚ್ಚಿದ ಕ್ಯಾಮೆರಾ, ಎಲ್ಲವನ್ನೂ ಶಾಲಿನಲ್ಲಿ ಕಟ್ಟಿಕೊಂಡು ಹೋದೆವು.

"ಏನೆಜೆ, ಮಗಳ ಮದುವೆ ದಿಬ್ಬಣಾನಾ?" ಅಂದ ಮಾರ್ಲೆಸ್.

ಚೀಟಿ ಕೊಟ್ಟೆ. ಒಂದು: ನಿಧಾನದ ಅಲೆಗೂ ವೇಗದ ಅಲೆಗೂ ಬೇರೆ ಬೇರೆ ಹೆಸರು ಇಡಲು ಬರಬೇಕು. ಎರಡು: ಚಾನೆಲ್ ನಾನು ಹೇಳಿದ್ದೇ ಆಗಬೇಕು. ಮೂರು: ನಮ್ಮ ಹಳೆಯ ಸಾಮಾನಿಗೆ ಗೊತ್ತಿರುವ ಹಳೆಯ ಬಗೆಯ ಪಾಸ್‌ವರ್ಡನ್ನೂ ಒಪ್ಪಬೇಕು. ನಾಲ್ಕು: ಕೊಟ್ಟಿಗೆ ಮುಟ್ಟಬೇಕು. ಅವನು ಎರಡು ಸಲ ಓದಿದ.

"ಯಾರು ಬರೆದುಕೊಟ್ರು ಇದನ್ನ?"

"ನಾನೇ. ಹಚ್ಚಿ ತೋರಿಸು. ಇಲ್ಲೇ ಎರಡೂ ಹತ್ತಿಕೊಂಡ್ರೆ ಒಯ್ತೀನಿ."

"ಎಜೆ, ಆ ಮುದಿ ಟ್ಯಾಬ್ ಬಿಸಾಕಿ. ಹೊಸದು ಕೊಡ್ತೀನಿ, ರೇಟು ನೋಡಿ ಹಾಕ್ತೀನಿ."

"ಅದರಲ್ಲಿ ಇವರ ಮೂರು ತಿಂಗಳ ಪಾಠ ಇದೆ. ಕೈಗೆ ಅಭ್ಯಾಸ ಆಗಿದೆ. ಟ್ಯಾಬಿಗೆ ಹೊಂದೋ ರೂಟರ್ ಕೇಳ್ದೆ ನಾನು, ರೂಟರಿಗೆ ಹೊಂದೋ ಟ್ಯಾಬ್ ಕೇಳ್ಲಿಲ್ಲ."

ಮೂರು ಪೆಟ್ಟಿಗೆ ಬಿಚ್ಚಿಸಿದೆ. ಮೊದಲನೆಯದು ಫೋನಿನಿಂದ ಮಾತ್ರ ಮಾತು ಕೇಳುತ್ತದಂತೆ, ಅದರಲ್ಲೂ ಚಾನೆಲ್ ಕಾಣಲಿಲ್ಲ. ಎರಡನೆಯದಕ್ಕೆ ಟ್ಯಾಬ್ ಹತ್ತಿತು, ಕ್ಯಾಮೆರಾ ಹತ್ತಲಿಲ್ಲ. ಹಿಂದಿನವರು ಗೊಣಗಿದರು. ಗೊಣಗಲಿ.

ಮೂರನೆಯದಕ್ಕೆ ಪ್ಲಗ್ಗು ಹುಡುಕಿ ನಾನು ಮೇಜಿನ ಕೆಳಗೆ ಬಗ್ಗಿದ್ದಾಗ ಮಾರ್ಲೆಸ್ ಇವರನ್ನು, ಮನೆಯಿಂದ ಕೊಟ್ಟಿಗೆ ಎಷ್ಟು ದೂರ ಬೈಕೆ ಎಂದು ಕೇಳಿದ. ನಾನು ಮೇಲೇಳುವ ಹೊತ್ತಿಗೆ ಇವರು ಬರೆಯುತ್ತಿದ್ದರು, ಅವನು ಮೊಣಕೈ ಊರಿ ಕಾಯುತ್ತಿದ್ದ. ನಾನೂ ಕಾದೆ. ಇವರು ಇಡೀ ಮನೆಯ ನಕ್ಷೆಯನ್ನೇ ಬರೆದರು: ಮಣ್ಣಿನ ದಪ್ಪ ಗೋಡೆಗಳು, ಅಂಗಳ, ಕೊಟ್ಟಿಗೆ, ಕಿಟಕಿ. ಒಳಗಿನ ಗೋಡೆ ಬೇಡ, ಅಂಗಳದ ಕಿಟಕಿಯ ಹತ್ತಿರ ಇಡಬೇಕು ಎಂದು ಬಾಣ ಹಾಕಿದರು. ಹತ್ತು ನಿಮಿಷ ಹಿಡಿಯಿತು. ದೂರ ಮೂವತ್ತೆರಡು ಹೆಜ್ಜೆ ಎಂದು ಬರೆದಿದ್ದರು. ನಾನಾಗಿದ್ದರೆ ಇಪ್ಪತ್ತು ಅನ್ನುತ್ತಿದ್ದೆ. ಮನೆಗೆ ಬಂದು ಎಣಿಸಿದೆ. ಮೂವತ್ತೆರಡೇ.

ಮೂರನೆಯದು ಎರಡೇ ಕಡ್ಡಿಯ ಚಿಕ್ಕ ಬಿಳಿ ಪೆಟ್ಟಿಗೆ. ಎರಡೂ ಹತ್ತಿಕೊಂಡವು. ಮಾರ್ಲೆಸ್ ಜೇಡವನ್ನು ವಾಪಸು ತೆಗೆದುಕೊಂಡ, ಮುಖ ಸ್ವಲ್ಪ ಸಣ್ಣ ಮಾಡಿದ. ಆಮೇಲೆ ನನ್ನ ಚೀಟಿಯ ಫೋಟೊ ತೆಗೆದುಕೊಂಡ.

ಫೆಬ್ರವರಿ 21, ಮಂಗಳವಾರ

ಆರನೇ ಚಾನೆಲ್. ಪಾಠ ನಡೆಯಿತು. ನಾನು ಕೊಟ್ಟಿಗೆ ಗುಡಿಸಿದೆ.

ಫೆಬ್ರವರಿ 24, ಶುಕ್ರವಾರ

ಪಾಠ ನಡೆಯಿತು. ಮರಿಗೆ ಕಿವಿಯಲ್ಲಿ ಗುರುತು ಹಾಕಿಸಿದೆವು.

ಮಾರ್ಚ್ 3, ಶುಕ್ರವಾರ

ಬಟ್ಟೆ ಒಣಹಾಕುತ್ತಿದ್ದೆ. ಕಿಟಕಿಯ ಆಚೆ ಇವರ ಪಾಠ. ರಿಮ್ಮಾ ಪಾವ್ಲೊವ್ನಾ "ಇನ್ನೊಂದ್ಸಲ, ಇನ್ನೊಂದ್ಸಲ" ಅನ್ನುತ್ತಿದ್ದರು. ನಡುವೆ ಒಂದು 'ತ' ಕೇಳಿಸಿತು. ಆಮೇಲೆ 'ತಾ', 'ತೋ'. ಒದ್ದೆ ಹಲಗೆಯ ಮೇಲೆ ಬೂಟು ಎಳೆದ ಹಾಗಿತ್ತು, ಇವರ ಧ್ವನಿಯ ಹಾಗೆ ಇರಲಿಲ್ಲ. ಇನ್ನು ಮುಂದೆ ಇದೇ ಇವರ ಧ್ವನಿ ಎಂದು ರಿಮ್ಮಾ ಪಾವ್ಲೊವ್ನಾ ಮೊದಲೇ ಹೇಳಿದ್ದರು. ಹಗ್ಗದ ಮೇಲೆ ಹಾಕಿದ ಅಂಗಿಯನ್ನು ನೋಡಿದೆ, ತಿರುವುಮುರುವಾಗಿತ್ತು. ಮತ್ತೆ ತೆಗೆದು ಹಾಕಿದೆ.

ಮಾರ್ಚ್ 10, ಶುಕ್ರವಾರ

ಇವರ ಜೊತೆ ಕೆಲಸ ಮಾಡಿದ ಡ್ರೈವರ್ ಬೆಕ್ತುರ್ ಫೋನು ಮಾಡಿದ. ಆಪರೇಷನ್ ಆದಮೇಲೆ ಅವನು ಈ ಕಡೆ ಸುಳಿದಿರಲಿಲ್ಲ.

"ಬೈಕೆ ಹೇಗಿದಾರೆ ಸಾಯ್ರಕುಲ್ ಎಜೆ? ಊಟ ಗೀಟ ಸೇರುತ್ತಾ?"

"ಇಲ್ಲೇ ಇದಾರೆ, ಕೇಳು," ಎಂದು ಫೋನು ಇವರ ಕೈಗೆ ಕೊಟ್ಟೆ. ನನ್ನ ಕೈಗೆ ಹಿಟ್ಟು ಮೆತ್ತಿತ್ತು. ಬಹಳ ಹೊತ್ತು ಏನೂ ಇಲ್ಲ. ಬೆಕ್ತುರ್ ಫೋನು ಇಡಲಿಲ್ಲ. ಆಮೇಲೆ ಇವರು "ಬಾ" ಅಂದರು.

ಅಷ್ಟೇ. ಅಷ್ಟಕ್ಕೇ ಆ ಕಡೆಯಿಂದ ಅವನು ಅಳುತ್ತಿದ್ದ. ಗಂಡಸರಿಗೆ ಬೇಗ ಅಳು ಬರುತ್ತದೆ.

ಮಾರ್ಚ್ 21, ಮಂಗಳವಾರ

ನೊರೂಜ್. ಹಬ್ಬದ ರಜೆ, ಪಾಠವಿಲ್ಲ. ಬೆಕ್ತುರ್, ಇನ್ನಿಬ್ಬರು ಡ್ರೈವರುಗಳು, ಅವರ ಹೆಂಡತಿಯರು, ಖಾದಿಚಾ, ಜಿಬೆಕ್. ಬೊರ್ಸೋಕ್ ಒಂದು ಬುಟ್ಟಿ ಕರಿದೆ, ಬೇಯಿಸಿದ ಮಾಂಸ, ಖಾದಿಚಾ ತಂದ ಅಶ್ಲ್ಯಾನ್‌ಫು. ಮೊದಮೊದಲು ಎಲ್ಲರೂ ಇವರ ಕುತ್ತಿಗೆಯ ಬಟ್ಟೆ ನೋಡಬಾರದೆಂದು ಮಾಡಿನ ಕಡೆ ನೋಡುತ್ತಿದ್ದರು. ಎರಡು ಬಟ್ಟಲು ಟೀ ಆದ ಮೇಲೆ ಸರಿಹೋಯಿತು.

ಟ್ಯಾಬಿನಲ್ಲಿ ಕೊಟ್ಟಿಗೆಯ ಮರಿಯನ್ನು ನೋಡಿ ಬೆಕ್ತುರ್, "ನಮ್ಮ ಮನೆ ವೈಫೈ ಮಗಳ ಫೋನಿಗೆ ಬಂದ್ರೆ ಟಿವಿಗೆ ಬರಲ್ಲ, ಟಿವಿಗೆ ಬಂದ್ರೆ ಅವಳು ಕಿರುಚ್ತಾಳೆ. ನಿಮ್ಮಲ್ಲಿ ಕುರಿಗೂ ಬರುತ್ತಲ್ಲ! ಯಾರು ಆರಿಸಿದ್ದು ಇದನ್ನ?" ಎಂದು ಕೇಳಿದ.

"ಇನ್ಯಾರು? ಇಂಥದ್ದೆಲ್ಲ ಮೊದಲಿಂದಾನೂ ಇವರದ್ದೇ," ಅಂದೆ. ಗಂಡಸರ ಮುಂದೆ ಇನ್ನೇನು ಹೇಳಬೇಕಿತ್ತು? ಟೀ ಬಗ್ಗಿಸುತ್ತಿದ್ದೆ.

ಇವರು ಬಟ್ಟಲು ಕೆಳಗಿಟ್ಟರು. ಗಾಳಿ ನುಂಗಿದರು.

"ಸುಳ್ಳು," ಅಂದರು.

ಖಾದಿಚಾ ಬಾಯಿಯ ಹತ್ತಿರ ಒಯ್ದ ಚಮಚ ಹಾಗೇ ನಿಂತಿತು. ಇವರು ಮತ್ತೆ ನುಂಗಿದರು. ಇನ್ನೂ ಹೊತ್ತು ಹಿಡಿಯಿತು, ಯಾರೂ ಮಧ್ಯೆ ಬಾಯಿ ಹಾಕಲಿಲ್ಲ. ಬೆರಳನ್ನು ನನ್ನ ಕಡೆ ತೋರಿಸಿ, "ಇವಳು," ಅಂದರು.

ಬೆಕ್ತುರ್ ತೊಡೆ ತಟ್ಟಿಕೊಂಡು, "ಬೈಕೆ, ಮೈಕ್ ಇಲ್ದೇನೇ ಕೊನೇ ಸೀಟಿಗೆ ಕೇಳಿಸ್ತು!" ಎಂದು ಕೂಗಿದ. ಎಲ್ಲರೂ ಒಟ್ಟಿಗೆ ಮಾತಾಡಲು ಶುರುಮಾಡಿದರು. ನಾನು ಬಗ್ಗಿಸುತ್ತಿದ್ದ ಟೀ ಬಟ್ಟಲು ತುಂಬಿ, ತಟ್ಟೆ ತುಂಬಿ, ಹೊಸ ಮೇಜುಬಟ್ಟೆಯ ಮೇಲೆಲ್ಲ ಹರಿದಿತ್ತು.

ಮೂವತ್ತಾರು ವರ್ಷದ ಸಂಸಾರದಲ್ಲಿ ಹತ್ತು ಜನರ ಮುಂದೆ ಇವರು ನನ್ನ ಮಾತಿಗೆ ಎದುರಾಡಿದ್ದು ಇದೇ ಮೊದಲು. ಅದೂ ಹಬ್ಬದ ದಿನ, ಸುಳ್ಳುಗಾರ್ತಿ ಅನ್ನಿಸಿಬಿಟ್ಟರು. ಬೆಕ್ತುರ್ ಮನೆಯ ವೈಫೈಗೆ ಏನಾಗಿದೆ ಎಂದು ನೋಡಲು ಗುರುವಾರ ಹೋಗಬೇಕಂತೆ, ನನ್ನನ್ನೇ ಕರೆದಿದ್ದಾನೆ. ಮೇಜುಬಟ್ಟೆ ನೆನೆ ಹಾಕಿದ್ದೇನೆ, ಕಲೆ ಹೋಗುವ ಹಾಗೆ ಕಾಣುವುದಿಲ್ಲ.

ಎಲ್ಲರೂ ಹೋದ ಕೂಡಲೇ ಬೈಯಬೇಕು ಎಂದುಕೊಂಡಿದ್ದೆ. ಆದರೆ ಇವರು ಹೊಟ್ಟೆ ಬಿರಿಯ ಉಂಡಿದ್ದಾರೆ. ಹೊಟ್ಟೆ ತುಂಬಿದ್ದರೆ ಗಾಳಿ ನುಂಗಲು ಆಗುವುದಿಲ್ಲ, ಉತ್ತರ ಕೊಡಲಾರರು. ನಾಳೆ ಬೆಳಿಗ್ಗೆ ಬೈಯುತ್ತೇನೆ.